ಹಂಚಿದರೆ ಕಮ್ಮಿಯಾಗದ್ದು

ಕಳೆದ ವಾರ ಹುರಿಹಿಟ್ಟಿಗೆಂದು ರಾಗಿ ಹುರಿಯುತ್ತಿದ್ದೆ. ಷಾರ್ಲೆಟ್‌ನ ಈ ಹೊಸ ಮನೆಗಳಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಗೋಡೆಯೇ ಇಲ್ಲ. ಏನು ಹೊತ್ತಿಸಿದರೂ ಸೋಫಾದಿಂದ ಹಿಡಿದು ಆಫೀಸಿನ ಬಟ್ಟೆಯವರೆಗೆ ವಾಸನೆ ಹಿಡಿಯುತ್ತದೆ. ಕಾಳು ಸಿಡಿಯಲು ಶುರುವಾದ ಹೊತ್ತಿಗೆ ಬ್ಯಾಂಕಿನಿಂದ ಫೋನ್ ಬಂತು. ಮಾತಾಡುತ್ತಾ ಸೌಟು ಆಡಿಸುವುದನ್ನು ಮರೆತೆ. ತಳದ ರಾಗಿ ಕರಿದಾಯಿತು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಮೇಷ್ಟ್ರ ತಾಯಿ ಕಣ್ಣ ಮುಂದೆ ಬಂದು ನಿಂತರು. ಅವರ ಹಿಂದೆಯೇ ಮೇಷ್ಟ್ರು...

ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ನಾವಿದ್ದಾಗ ನನ್ನ ಮಗಳು ಭಾನುವಾರದ ಕನ್ನಡ ತರಗತಿಗೆ ಹೋಗುತ್ತಿದ್ದಳು. ಅಲ್ಲಿ ಕಲಿಸುತ್ತಿದ್ದ ಮೇಷ್ಟ್ರು ಟಿಬೆಟಿನವರು. ಹುಟ್ಟಿ ಬೆಳೆದದ್ದು ಬೈಲುಕುಪ್ಪೆಯ ನಿರಾಶ್ರಿತರ ಕ್ಯಾಂಪಿನಲ್ಲಿ, ಓದಿದ್ದು ಮೈಸೂರಿನಲ್ಲಿ ಕನ್ನಡ ಎಂ.ಎ. ಐವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ವಾರವಿಡೀ ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ, ಭಾನುವಾರ ಮಕ್ಕಳಿಗೆ ಕಾಗುಣಿತ. ಮೊದಲ ದಿನ ನಾನು ಮೈಸೂರಿನ ಮಂಡಿ ಮೊಹಲ್ಲಾದವಳು ಎಂದು ತಿಳಿದಾಗ ಅವರು ಒಂದೇ ಒಂದು ಪ್ರಶ್ನೆ ಕೇಳಿದ್ದರು. "ಮನೇಲಿ ಉರ್ದು ತಾನೆ? ಮತ್ತೆ ಮಗಳನ್ನ ಕನ್ನಡಕ್ಕೆ ಯಾಕೆ ತಂದ್ರಿ?"

"ನಿಮ್ಮ ಮನೇಲಿ ಟಿಬೆಟನ್ ತಾನೆ ಮೇಷ್ಟ್ರೇ? ನೀವು ಯಾಕೆ ಕಲಿಸ್ತೀರಿ?" ಎಂದೆ. ಜೋರಾಗಿ ನಕ್ಕುಬಿಟ್ಟರು. ಅಲ್ಲಿಂದ ಸ್ನೇಹ.

ಅವರ ತಾಯಿ ಲಾರೆಲ್‌ನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ಅವರ ಜೊತೆಗಿದ್ದರು. ಒಂದು ಸಲ ಪುಸ್ತಕ ತರಲು ಹೋದವಳನ್ನು ಬಿಡಲಿಲ್ಲ. "ಬಾ ಮಗಾ, ಕೂತ್ಕೊ" ಎಂದು ಅಪ್ಪಟ ಪಿರಿಯಾಪಟ್ಟಣದ ಕನ್ನಡದಲ್ಲಿ ಕರೆದು, ಉಪ್ಪು ಹಾಕಿದ ಬೆಣ್ಣೆ ಚಹಾದಲ್ಲಿ ಹುರಿಹಿಟ್ಟು ಕಲಸಿ ಉಂಡೆ ಮಾಡಿ ಕೈಗೆ ಕೊಟ್ಟರು. ಅವರ ದೇಶದಲ್ಲಿ ಬಾರ್ಲಿ ಹಿಟ್ಟಂತೆ. ಕ್ಯಾಂಪಿಗೆ ಬಂದ ಹೊಸತರಲ್ಲಿ ಬಾರ್ಲಿ ಸಿಗದೆ ಊರವರ ರಾಗಿ ಹುರಿದು ಕಲಿತರಂತೆ. ಕಾಡು ಕಡಿದು ಹೊಲ ಮಾಡಿದ್ದು, ಆನೆ ಬಂದು ಗುಡಾರ ತುಳಿದದ್ದು, ಮೊದಲ ಮಗು ಕೆಮ್ಮಿ ಕೆಮ್ಮಿ ಹೋದದ್ದು... ಎಲ್ಲವನ್ನೂ ಯಾರದೋ ಮನೆಯ ಸುದ್ದಿಯಂತೆ ಹೇಳಿದರು.

"ನಾವೆಲ್ಲ ಯಾವಾಗ್ಲೋ ಒಟ್ಟಿಗೆ ಏನೋ ಮಾಡಿದ್ವಿ ಮಗಾ. ಅದಕ್ಕೇ ಎಲ್ರೂ ಒಟ್ಟಿಗೆ ದೇಶ ಬಿಟ್ವಿ."

"ಸುಮ್ನಿರಮ್ಮಾ," ಎಂದರು ಮೇಷ್ಟ್ರು. ಅವರ ದನಿಯಲ್ಲಿ ಅಷ್ಟು ಸಿಟ್ಟನ್ನು ನಾನು ಕೇಳಿರಲಿಲ್ಲ. "ಗುಂಡು ಹೊಡೆದವರದ್ದು ಏನೂ ಇಲ್ಲ, ಹೊಡೆಸಿಕೊಂಡವರದ್ದೇ ಕರ್ಮ. ಆ ಹಸುಗೂಸು ಏನು ಮಾಡಿತ್ತು?"

ಅವರು ಮಗನ ಕಡೆ ನೋಡಲೂ ಇಲ್ಲ. "ಹೊಡೆದವರಿಗೆ ಅವರದ್ದು ಇದ್ದೇ ಇದೆ. ಒಬ್ಬರದ್ದು ಇನ್ನೊಬ್ಬರಿಗೆ ಬರಲ್ಲ. ಆದ್ರೆ ಒಟ್ಟಿಗೆ ಮಾಡಿದ್ರೆ ಒಟ್ಟಿಗೇ ಬರುತ್ತೆ," ಎಂದು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು. ಆ ಮನೆಯಲ್ಲಿ ಇದು ಹಳೆಯ ಜಗಳವೆಂದು ಗೊತ್ತಾಯಿತು.

2020ರ ಏಪ್ರಿಲ್‌ನಲ್ಲಿ, ಎಲ್ಲರೂ ಮನೆಯೊಳಗೆ ಸೇರಿಕೊಂಡಿದ್ದ ಕಾಲದಲ್ಲಿ, ನಮ್ಮ ಕನ್ನಡ ಬಳಗದ ವಾಟ್ಸ್ಆ್ಯಪ್ ಗುಂಪಿಗೆ ಊರಿನಿಂದ ವಿಡಿಯೋಗಳು ಬರತೊಡಗಿದವು. ಸಾಬರು ತಟ್ಟೆಗೆ ಉಗುಳುತ್ತಾರೆ, ಸಾಬರು ಬೇಕೆಂದೇ ರೋಗ ಹರಡುತ್ತಾರೆ. ಕಳಿಸಿದವರೆಲ್ಲ ನನಗೆ ಗೊತ್ತಿದ್ದವರು, ನಮ್ಮ ಮನೆಯಲ್ಲಿ ಈದ್ ಊಟ ಮಾಡಿದ್ದವರು. ನಾನು ಗುಂಪಿನಲ್ಲಿದ್ದೇನೆ ಎಂಬುದು ಅವರಿಗೆ ನೆನಪಿತ್ತೋ ಇಲ್ಲವೋ... ಗುಂಪಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಅವತ್ತು ಸಂಜೆ ಮೇಷ್ಟ್ರು ಫೋನ್ ಮಾಡಿದರು.

"ಆ ಮೆಸೇಜ್ ನೋಡ್ದೆ. ಅದು ಸುಳ್ಳು, ಅದು ತಪ್ಪು. ಗುಂಪಲ್ಲಿ ಬರೆದ್ರೆ ವಾದ ಆಗುತ್ತೆ. ನಿಮಗೆ ನೇರವಾಗಿ ಹೇಳ್ಬೇಕು ಅನ್ನಿಸ್ತು."

ಅಷ್ಟೇ ಹೇಳಿ ಇಟ್ಟರು. ಫೋನ್ ಮಾಡಿದ್ದು ಅವರೊಬ್ಬರೇ.

ಆ ವರ್ಷ ನವೆಂಬರಿನ ಒಂದು ಶನಿವಾರ ರಾಜ್ಯೋತ್ಸವ. ಬಳಗವನ್ನು ಕಟ್ಟಿದವರು ಡಾಕ್ಟರ್ ಅಂಕಲ್. ಎಪ್ಪತ್ತರ ದಶಕದಲ್ಲಿ ಬಂದು ನೆಲೆಸಿದ ಹೃದ್ರೋಗ ತಜ್ಞರು, ನಿವೃತ್ತರು. ಧಾರಾಳಿ. ಕನ್ನಡ ಶಾಲೆಗೆ ಮೇಷ್ಟ್ರನ್ನು ಕರೆತಂದವರೂ ಅವರೇ. ಬಂದ ಅತಿಥಿಗಳಿಗೆಲ್ಲ "ನೋಡ್ರೀ, ಟಿಬೆಟಿನವರು ನಮ್ಮ ಮಕ್ಕಳಿಗೆ ಕನ್ನಡ ಕಲಿಸ್ತಾರೆ" ಎಂದು ಮೇಷ್ಟ್ರನ್ನು ತಂದು ತೋರಿಸುತ್ತಿದ್ದರು, ಹೊಸ ಕಾರು ತೋರಿಸಿದ ಹಾಗೆ. ಸಭೆ ಸಮಾರಂಭ ಬೇಡವೆಂದು ಸರ್ಕಾರ ಹೇಳುತ್ತಿದ್ದರೂ ಅಂಕಲ್ ಕೇಳಲಿಲ್ಲ. ಹಿತ್ತಲಿನ ಹುಲ್ಲಿನಲ್ಲಿ ದೂರ ದೂರ ಕುರ್ಚಿ ಹಾಕಿಸಿದರು. ಮೂರನೇ ಹಾಡಿಗೆ ಚಳಿಗಾಳಿ ಎದ್ದಿತು. ಎಲ್ಲರೂ ಬಿಸಿಬೇಳೆಬಾತ್ ತಟ್ಟೆ ಹಿಡಿದು ಬೇಸ್‌ಮೆಂಟಿಗೆ ಇಳಿದೆವು. ತಿನ್ನಬೇಕಲ್ಲ, ಮಾಸ್ಕ್ ತೆಗೆದೆವು.

ಊಟದ ನಡುವೆ ಅಂಕಲ್ ಶುರು ಮಾಡಿದರು. "ಇದು ಇಡೀ ಮನುಷ್ಯಕುಲದ ಕಲೆಕ್ಟಿವ್ ಕರ್ಮ ರೀ. ಏನಂತೀರಿ ಮೇಷ್ಟ್ರೇ? ನೀವು ಬುದ್ಧಿಸ್ಟು, ನೀವು ಹೇಳ್ಬೇಕು."

ಮೇಷ್ಟ್ರು ತಟ್ಟೆ ಕೆಳಗಿಟ್ಟರು. "ನನಗೆ ಒಪ್ಪಿಗೆ ಇಲ್ಲ ಸರ್. ಬುದ್ಧ ಕರ್ಮ ಅಂದಿದ್ದು ಮನಸ್ಸು ಮಾಡೋದಕ್ಕೆ. ಮನಸ್ಸು ಒಬ್ಬೊಬ್ಬರದ್ದು. ಊರಿಗೆಲ್ಲ ಸೇರಿ ಒಂದು ಮನಸ್ಸು ಎಲ್ಲಿರುತ್ತೆ?"

"ಹಾಗಾದ್ರೆ ನಿಮ್ಮ ದೇಶ? ಇಡೀ ದೇಶಾನೇ ಹೋಯ್ತಲ್ರೀ. ಅದು ಯಾರ ಕರ್ಮ?"

ಒಂದಿಬ್ಬರು ನಕ್ಕರು. ನಗಬಾರದಿತ್ತೇನೋ ಎಂದು ಆಮೇಲೆ ನಿಲ್ಲಿಸಿದರು.

"ತಗೊಂಡವರದ್ದು ಸರ್," ಎಂದರು ಮೇಷ್ಟ್ರು.

ಅಂಕಲ್‌ಗೆ ಉತ್ತರ ಬಹಳ ಇಷ್ಟವಾಯಿತು. ಬೆನ್ನು ತಟ್ಟಿ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಬೇಗ ನಿಲ್ಲಲಿಲ್ಲ. ಅವರ ಹೆಂಡತಿ, ಡಾಕ್ಟರ್ ಆಂಟಿ, ನೀರು ತಂದುಕೊಟ್ಟರು.

ಮುಂದಿನ ವಾರ ಒಬ್ಬೊಬ್ಬರೇ ಮಲಗಿದೆವು. ನನಗೆ, ನನ್ನ ಗಂಡನಿಗೆ, ಇನ್ನೂ ಹಲವು ಮನೆಗಳಿಗೆ ಬಂತು. ಮೇಷ್ಟ್ರಿಗೆ, ಅವರಿಂದ ಅವರ ತಾಯಿಗೆ. ಅಂಕಲ್ ಆಸ್ಪತ್ರೆ ಸೇರಿದರು. ಅವರು ಬದುಕಿರುವಾಗಲೇ ಗುಂಪಿನಲ್ಲಿ ವಿಚಾರಣೆ ಶುರುವಾಗಿತ್ತು. ಯಾರಿಂದ ಬಂತು? ಹೋಟೆಲಿನಲ್ಲಿ ದಿನಾ ಊರಿನವರನ್ನೆಲ್ಲ ನೋಡುವವರು ಯಾರು? ಯಾರೂ ಹೆಸರು ಬರೆಯಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಒಬ್ಬರು ಬಾವಲಿಯ ಚಿತ್ರ ಹಾಕಿದರು. ಅದಕ್ಕೆ ನಗುವ ಮುಖಗಳು ಬಿದ್ದವು. ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ ಮನುಷ್ಯನ ಕಣ್ಣು ಮೂಗು ಅವತ್ತು ಎಲ್ಲರಿಗೂ ಹೊಸದಾಗಿ ಕಂಡಿತ್ತು. ಮೇಷ್ಟ್ರ ದೇಶ ಕಿತ್ತುಕೊಂಡವರ ಹೆಸರಿನಲ್ಲೇ ಅವರನ್ನು ಬೈದರು. ಅದು ಕೂಡ ಯಾರಿಗೂ ಹೊಳೆಯಲಿಲ್ಲ.

ಅಂಕಲ್ ತೀರಿಕೊಂಡರು. ಝೂಮ್‌ನಲ್ಲಿ ಶ್ರದ್ಧಾಂಜಲಿ ಸಭೆ. ನಾನಿನ್ನೂ ಹಾಸಿಗೆಯಲ್ಲಿದ್ದೆ, ಅಲ್ಲಿಂದಲೇ ಸೇರಿದೆ. ಪರದೆ ತುಂಬ ಸಣ್ಣ ಸಣ್ಣ ಮುಖಗಳು. ನಡುವೆ ಮೇಷ್ಟ್ರ ಮುಖವೂ ಬಂತು. ಕಾರಿನೊಳಗೆ ಕೂತಿದ್ದರು, ಹಿಂದೆ ಆಸ್ಪತ್ರೆಯ ಪಾರ್ಕಿಂಗ್. ಒಳಗೆ ಅವರ ತಾಯಿ ಇದ್ದರು, ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮೇಷ್ಟ್ರು ಕೈ ಜೋಡಿಸಿ "ಸರ್ ನನಗೆ..." ಎಂದರು. ಅಷ್ಟರಲ್ಲಿ ಯಾರೋ "ಇವರನ್ನ ಯಾರು ಒಳಗೆ ಬಿಟ್ರು?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಮರುಕ್ಷಣ ಆ ಮುಖವಿದ್ದ ಚೌಕ ಮಾಯವಾಯಿತು. ಉಳಿದ ಚೌಕಗಳು ಜರುಗಿ ಆ ಜಾಗ ತುಂಬಿಕೊಂಡವು.

ನಾನು ಮೈಕ್ ಆನ್ ಮಾಡಿದೆ. "ಅವರನ್ನ ಯಾಕೆ ತೆಗೆದ್ರಿ?"

ಬಳಗದ ಸೆಕ್ರೆಟರಿ ತಾಳ್ಮೆಯಿಂದಲೇ ಉತ್ತರಿಸಿದರು. "ಮೇಡಂ, ಇದು ಶ್ರದ್ಧಾಂಜಲಿ. ಇಲ್ಲಿ ಪಾಲಿಟಿಕ್ಸ್ ಬೇಡ. ನಿಮ್ಮವರ ವಿಷಯ ಬಂದಾಗ್ಲೂ ನಾವ್ಯಾರೂ ನಿಮಗೆ ಏನೂ ಅಂದಿಲ್ಲ ಅಲ್ವಾ?"

ಪಕ್ಕದಲ್ಲಿ ಮಲಗಿದ್ದ ನನ್ನ ಗಂಡ ಕೈ ಚಾಚಿ ಮೈಕ್ ಆಫ್ ಮಾಡಿದರು. ನಾನು ಮತ್ತೆ ಆನ್ ಮಾಡಲಿಲ್ಲ.

ಆ ವಾರವೇ ಮೇಷ್ಟ್ರ ತಾಯಿ ಹೋದರು. ಬಳಗದ ಲೆಕ್ಕದಲ್ಲಿ ಆ ಸಾವು ಸೇರಲೇ ಇಲ್ಲ. ನಾನು ಮೆಸೇಜ್ ಕಳಿಸಿದೆ. ಅವರಿಂದ ಮುಗಿದ ಎರಡು ಕೈಗಳ ಚಿತ್ರ ಬಂತು. ಡಾಕ್ಟರ್ ಆಂಟಿಯನ್ನು ಮಾತಾಡಿಸಲು ಫೋನ್ ಮಾಡಿದಾಗ ಈ ಸುದ್ದಿಯನ್ನೂ ಹೇಳಿದೆ. ಆಂಟಿ, "ಕರ್ಮ ಬಿಡುತ್ತೇನಮ್ಮಾ?" ಎಂದರು.

ಕನ್ನಡ ತರಗತಿಗೆ ಬೇರೆಯವರು ಬಂದರು. ಮೇಷ್ಟ್ರಿಗೆ ಯಾರೂ ಬೇಡವೆಂದು ಹೇಳಲಿಲ್ಲ, ಹೊಸ ಝೂಮ್ ಲಿಂಕ್ ಕಳಿಸಲಿಲ್ಲ ಅಷ್ಟೆ. ಆ ಚಳಿಗಾಲದಲ್ಲಿ ಹೋಟೆಲಿನ ಕೆಲಸವೂ ಹೋಯಿತೆಂದು ಕೇಳಿದೆ.

ಮಾರನೆಯ ವರ್ಷ, ಮರಗಳೆಲ್ಲ ಕೆಂಪಾಗಿದ್ದ ಕಾಲ. ಆಂಟಿಗೆ ಕಣ್ಣಿನ ಆಪರೇಷನ್ ಆಗಿತ್ತು, ಡ್ರೈವ್ ಮಾಡುವಂತಿರಲಿಲ್ಲ. ಕಣ್ಣಿನ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋಗಿ ಬರುತ್ತಿದ್ದೆ. ದಾರಿಯಲ್ಲಿ ಗಂಡನ ನೆನಪು ತೆಗೆದು ಅತ್ತರು. ಅಳುತ್ತಲೇ ಅಂದರು, "ಎಷ್ಟು ಹಟಮಾರಿ ಗೊತ್ತಾ? ಗುರುವಾರಾನೇ ಜ್ವರ ಇತ್ತು. ಫಂಕ್ಷನ್ ಕ್ಯಾನ್ಸಲ್ ಮಾಡೋಣ ಅಂದೆ. ನೀನು ಡಾಕ್ಟರೋ ನಾನು ಡಾಕ್ಟರೋ ಅಂದ್ರು. ಮಾತ್ರೆ ಕೊಟ್ಟು ಕೊಟ್ಟು ಶನಿವಾರದ ತನಕ ತಂದೆ."

ನಾನು ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. "ಆಂಟಿ, ಹಾಗಾದ್ರೆ ಮೇಷ್ಟ್ರು?"

"ಏನು ಮೇಷ್ಟ್ರು?"

"ಅವರಿಂದ ಬಂತು ಅಂತ ಎಲ್ರೂ..."

"ನಾನೆಲ್ಲಿ ಅಂದೆ? ಜನ ಅಂದ್ರು. ನಾನು ಸುಮ್ನಿದ್ದೆ." ಕರವಸ್ತ್ರದಿಂದ ಒಳ್ಳೆಯ ಕಣ್ಣನ್ನು ಮಾತ್ರ ಒರೆಸಿಕೊಂಡರು. "ಐವತ್ತು ವರ್ಷ ಇವರಿಗೆಲ್ಲ ಊಟ ಹಾಕಿದ ಮನುಷ್ಯ. ಅವರಿಂದಲೇ ಎಲ್ರಿಗೂ ಬಂತು ಅಂತ ನನ್ನ ಬಾಯಲ್ಲಿ ಹೇಳಿಸ್ತೀಯಾ?"

ನಾನು ಸೆಕ್ರೆಟರಿಗೆ ಹೇಳಿದೆ. ಅವರು ಕಮಿಟಿಗೆ ಹೇಳಿದರು. ತಿಂಗಳುಗಟ್ಟಲೆ ಪಿಸುಪಿಸು ನಡೆಯಿತು. ಕೊನೆಗೆ ಒಂದು ತೀರ್ಮಾನವಾಯಿತು: ಮುಂದಿನ ರಾಜ್ಯೋತ್ಸವದಲ್ಲಿ ಮೇಷ್ಟ್ರಿಗೆ ಸನ್ಮಾನ.

ಶಾಲೆಯೊಂದರ ಕೆಫೆಟೀರಿಯಾದಲ್ಲಿ ವೇದಿಕೆ ಹಾಕಿದ್ದರು. ಮೇಷ್ಟ್ರು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೋಟು ಹೆಗಲಿನಲ್ಲಿ ಜೋತಾಡುತ್ತಿತ್ತು. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಸೆಕ್ರೆಟರಿ ಮೈಕ್ ಹಿಡಿದು, "ಆ ಕಷ್ಟದ ದಿನಗಳಲ್ಲಿ ಕೆಲವು ತಪ್ಪು ತಿಳುವಳಿಕೆಗಳಾದವು. ನಮ್ಮೆಲ್ಲರ ಪರವಾಗಿ ಗುರುಗಳ ಕ್ಷಮೆ ಕೋರುತ್ತೇನೆ" ಎಂದರು. ಜೋರು ಚಪ್ಪಾಳೆ. ಎಷ್ಟೋ ಜನರ ಕಣ್ಣಲ್ಲಿ ನೀರಿತ್ತು. ತಮ್ಮ ಒಳ್ಳೆಯತನ ಕಂಡು ಬಂದ ನೀರು.

ಮೇಷ್ಟ್ರು ಪೇಟ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟರ್ ಸಾಹೇಬರು ನನ್ನನ್ನ ಒಂದು ಪ್ರಶ್ನೆ ಕೇಳಿದ್ರು, ನಿಮಗೆಲ್ಲ ನೆನಪಿರಬಹುದು. ಊರಿಗೆಲ್ಲ ಸೇರಿ ಒಂದು ಮನಸ್ಸು ಇರಲ್ಲ ಅಂದಿದ್ದೆ. ನಮ್ಮಮ್ಮನ ಹತ್ರಾನೂ ಜೀವನ ಪೂರ್ತಿ ಅದೇ ವಾದ ಮಾಡ್ದೆ. ನಂದು ತಪ್ಪು. ಇರುತ್ತೆ. ನಾನು ನೋಡಿದೀನಿ."

ಕೆಫೆಟೀರಿಯಾದಲ್ಲಿ ಮಕ್ಕಳ ಗಲಾಟೆ ಮಾತ್ರ ಇತ್ತು.

"ಕ್ಯಾಂಪಲ್ಲಿ ವಯಸ್ಸಾದ ಭಿಕ್ಷು ಒಬ್ಬರು ನಮಗೆ ಪಾಠ ಹೇಳ್ತಿದ್ರು. ಒಂದು ಸೈನ್ಯ ಹೊರಡುತ್ತೆ, ಕೊಲ್ಲೋಣ ಅಂತ ಎಲ್ರೂ ಸೇರಿ ಹೊರಡ್ತಾರೆ. ಅಲ್ಲಿ ಕತ್ತಿ ಬೀಸೋನು ಒಬ್ಬನೇ. ಆ ಕೊಲೆ ಯಾರದ್ದು? ಎಲ್ರದ್ದೂ. ನಾನು ಕೇಳಿದ್ದೆ, ಹಾಗಾದ್ರೆ ಒಬ್ಬೊಬ್ಬರಿಗೆ ಸ್ವಲ್ಪ ಸ್ವಲ್ಪ ಬರುತ್ತಾ? ಅವರು ನಕ್ಕರು. ಇದೇನು ಹಬ್ಬದ ಕಡುಬೇನಪ್ಪಾ, ಪಾಲು ಮಾಡೋಕ್ಕೆ? ಹಂಚಿದ್ರೆ ಕಮ್ಮಿ ಆಗಲ್ಲ. ಒಬ್ಬೊಬ್ಬನಿಗೂ ಪೂರ್ತಿ ಕೊಲೆ."

ಸೆಕ್ರೆಟರಿ ಅವರ ತೋಳು ಮುಟ್ಟಿದರು. ಮೇಷ್ಟ್ರು ಮೆಲ್ಲಗೆ ತೋಳು ಬಿಡಿಸಿಕೊಂಡರು.

"ಎಲ್ರ ಪರವಾಗಿ ಕ್ಷಮೆ ಕೇಳಿದ್ರಿ. ಎಲ್ರೂ ಅಂದ್ರೆ ಯಾರು? ನನಗೆ ಕಾಣ್ತಿಲ್ಲ. ಲಾರೆಲ್‌ನಲ್ಲಿ ಅದೇ ಮನೇಲಿದೀನಿ. ಒಬ್ಬೊಬ್ಬರಾಗಿ ಬನ್ನಿ. ನೀವು ಏನು ಮಾಡಿದ್ರಿ ಅದನ್ನ ನನಗೆ ಹೇಳಿ. ಚಹಾ ಮಾಡ್ಕೊಡ್ತೀನಿ."

ಹಣ್ಣಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಇಳಿದು ಹೋದರು. ನೃತ್ಯದ ಮಕ್ಕಳು ಕಾಯುತ್ತಿದ್ದರು, ಕಾರ್ಯಕ್ರಮ ಮುಂದುವರಿಯಿತು.

ಯಾರೂ ಹೋಗಲಿಲ್ಲ. "ಸ್ಟೇಜ್ ಮೇಲೆ ಹಾಗೆ ಇನ್ಸಲ್ಟ್ ಮಾಡಬಹುದಾ?" ಎಂದು ಫೋನ್‌ಗಳಲ್ಲಿ ಮಾತಾಡಿಕೊಂಡರು. ಮೇಷ್ಟ್ರು ಕರೆದದ್ದು ಇವರನ್ನೆಲ್ಲ, ನನ್ನನ್ನಲ್ಲ ಎಂದು ನಾನಂದುಕೊಂಡೆ. ನಾನಾದರೂ ಅವತ್ತು ಶ್ರದ್ಧಾಂಜಲಿ ಸಭೆಯಲ್ಲಿ ಬಾಯಿ ಬಿಟ್ಟಿದ್ದೆನಲ್ಲ...

ಚಳಿಗಾಲ ಮುಗಿಯುವ ಹೊತ್ತಿಗೆ ಡಾಕ್ಟರ್ ಆಂಟಿಯೇ ಫೋನ್ ಮಾಡಿದರು. "ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ತೀಯಾ?" ನಾನು ಕರೆದುಕೊಂಡು ಹೋದೆ. ಮೇಷ್ಟ್ರು ಬಾಗಿಲು ತೆರೆದು ಇಬ್ಬರನ್ನೂ ನೋಡಿದರು, ಒಳಗೆ ಕರೆದರು, ಚಹಾಕ್ಕೆ ಇಟ್ಟರು. ಮೂಲೆಯಲ್ಲಿ ತಾಯಿಯ ಫೋಟೋ, ಮುಂದೆ ದೀಪ. ಆಂಟಿ ಅದರ ಮುಂದೆ ನಿಂತು, "ಇವರೇನಾ ನಿಮ್ಮ ತಾಯಿ?" ಎಂದು ಕೇಳಿದರು. ಅವರು ಒಮ್ಮೆಯೂ ಆಕೆಯನ್ನು ನೋಡಿರಲಿಲ್ಲ.

ಸೋಫಾದ ಅಂಚಿನಲ್ಲಿ ಕೂತು ಆಂಟಿ ಹೇಳಿದರು. ಜ್ವರ ಇದ್ದದ್ದು, ಮಾತ್ರೆ ಕೊಟ್ಟದ್ದು, ಸುಮ್ಮನಿದ್ದದ್ದು. ಕರ್ಮ ಬಿಡುತ್ತೇನಮ್ಮಾ ಎಂದದ್ದನ್ನು ಹೇಳಲಿಲ್ಲ. ಮೇಷ್ಟ್ರು ನಡುವೆ ಒಂದೇ ಪ್ರಶ್ನೆ ಕೇಳಿದರು.

"ಯಾವತ್ತಿಂದ ಜ್ವರ?"

"ಗುರುವಾರ."

"ಶುಕ್ರವಾರ ನೀವು ನನಗೆ ಫೋನ್ ಮಾಡಿದ್ರಿ ಆಂಟಿ. ಮಕ್ಕಳ ಹಾಡಿಗೆ ಹಾರ್ಮೋನಿಯಂ ತರೋಕ್ಕೆ ಹೇಳಿದ್ರಿ."

ಆಂಟಿ ತಲೆ ತಗ್ಗಿಸಿದರು. "ಕ್ಷಮಿಸಿಬಿಡಪ್ಪಾ" ಎಂದರು.

"ಕೇಳಿಸ್ಕೊಂಡೆ," ಎಂದರು ಮೇಷ್ಟ್ರು. "ನಿಮ್ಮ ಮೇಲೆ ದ್ವೇಷ ಇಟ್ಕೊಳ್ಳಲ್ಲ, ಅದು ನನ್ನ ಕರ್ಮ ಆಗುತ್ತೆ. ಆದ್ರೆ ಪರವಾಗಿಲ್ಲ ಅಂತ ಹೇಳಲ್ಲ. ಪರವಾಗಿದೆ."

ಆಂಟಿ ಚಹಾ ಮುಗಿಸಿದರು. ಮೇಷ್ಟ್ರು ಅವರ ಕೋಟು ಹಿಡಿದು ತೊಡಿಸಿ, ಮೆಟ್ಟಿಲಿನ ತನಕ ಕೈ ಹಿಡಿದು ಬಂದರು. ಮೆಟ್ಟಿಲಿನ ಮೇಲೆ ಒಂದು ಕ್ಷಣ ನನ್ನ ಕಡೆ ನೋಡಿದರು. ಏನನ್ನೋ ಕಾಯುವವರ ಹಾಗೆ ಅನ್ನಿಸಿತು. ಆಂಟಿಗೆ ಮೆಟ್ಟಿಲು ಸರಿಯಾಗಿ ಕಾಣುತ್ತಿರಲಿಲ್ಲ, ನಾನು ಅವರನ್ನು ಹಿಡಿದುಕೊಂಡು ಇಳಿದೆ.

ಕಾರು ಹೆದ್ದಾರಿಗೆ ಸೇರಿತು. "ಎಷ್ಟು ಅಹಂಕಾರ ನೋಡಿದ್ಯಾ?" ಎಂದರು ಆಂಟಿ. "ಈ ವಯಸ್ಸಲ್ಲಿ ಮನೆ ಬಾಗಿಲಿಗೆ ಹೋಗಿ ಕೇಳ್ದೆ. ಆಯ್ತು ಅನ್ನೋಕ್ಕೆ ಏನಾಗ್ತಿತ್ತು?"

ವಾರದೊಳಗೆ ಬಳಗಕ್ಕೆಲ್ಲ ಅದು ಗೊತ್ತಾಯಿತು. ಡಾಕ್ಟರ್ ಆಂಟಿ ಹೋಗಿ ಕ್ಷಮೆ ಕೇಳಿದರೂ ಆ ಮನುಷ್ಯ ಕ್ಷಮಿಸಲಿಲ್ಲವಂತೆ. ಬುದ್ಧನ ಹೆಸರು ಹೇಳುವವನಿಗೆ ಇಷ್ಟೂ ಕರುಣೆ ಇಲ್ಲವಲ್ಲ... ಎಲ್ಲರಿಗೂ ಹಗುರಾಯಿತು. ಈಗ ಮತ್ತೆ ತಪ್ಪು ಅವರದೇ ಆಗಿತ್ತು.

ಆ ಬೇಸಿಗೆಯಲ್ಲಿ ಮೇಷ್ಟ್ರು ಮಿನೆಸೋಟಕ್ಕೆ, ತಮ್ಮ ಜನ ಹೆಚ್ಚಿರುವ ಕಡೆಗೆ, ಹೊರಟುಹೋದರು. ನಾವು ಷಾರ್ಲೆಟ್‌ಗೆ ಬಂದೆವು. ಹೋದ ಚಳಿಗಾಲದಲ್ಲಿ ಅವರು ಅಲ್ಲಿಯೇ ತೀರಿಕೊಂಡ ಸುದ್ದಿ ಅದೇ ಹಳೆಯ ಗುಂಪಿಗೆ ಬಂತು. ಒಂದರ ಕೆಳಗೊಂದು ಮುಗಿದ ಕೈಗಳು. "ನಮ್ಮೆಲ್ಲರಿಗೂ ತುಂಬಲಾರದ ನಷ್ಟ" ಎಂದು ಸೆಕ್ರೆಟರಿ ಬರೆದಿದ್ದರು.

ಇದನ್ನೆಲ್ಲ ಕಳೆದ ವಾರ ಮಗಳಿಗೆ ಹೇಳಿದೆ. ಅವಳೀಗ ಹೈಸ್ಕೂಲು. ಕೌಂಟರ್ ಮೇಲೆ ಕೂತು ಕೊನೆಯವರೆಗೂ ಕೇಳಿದಳು.

"ಒನ್ ಬೈ ಒನ್ ಬನ್ನಿ ಅಂದ್ರಲ್ಲ, ನೀವು ಹೋದ್ರಾ ಅಮ್ಮೀ?"

"ಹೋಗಿದ್ದೆ."

"ಬೈ ಯುವರ್‌ಸೆಲ್ಫ್?"

"ಆಂಟೀನ ಕರ್ಕೊಂಡು ಹೋಗಿದ್ದೆ. ಹೇಳಿದ್ನಲ್ಲ."

ಅವಳ ದನಿಯಲ್ಲಿ ಆರೋಪವೇನೂ ಇರಲಿಲ್ಲ.

"ಓ. ಸೋ ಯೂ ಜಸ್ಟ್ ಡ್ರೋವ್."

ಕೌಂಟರಿನಿಂದ ಇಳಿದು, ಕಿಟಕಿ ತೆರೆದು, ತನ್ನ ರೂಮಿಗೆ ಹೋದಳು. ಲಾರೆಲ್‌ನ ಆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.